ಟೆಂಟ್ ಕೊಳ್ಳುವ ಮೊದಲು ಅಂಗಳ ನೋಡು

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಬೆಂಗಳೂರಿನಲ್ಲಿ ಕೆಲಸ, ದಸರಾಕ್ಕೆ ಹೊಸ ಬೈಕ್ ತಗೊಂಡಿದ್ದಾನೆ. "ಮಾವ, ಡಿಸೆಂಬರ್‌ನಲ್ಲಿ ಊರ ಕಡೆ ಬರ್ತೀನಿ. ಲಾಡ್ಜು ಗೀಡ್ಜು ಬೇಡ, ಟೆಂಟ್ ಕಟ್ಕೊಂಡು ಬರ್ತೀನಿ. ಯಾವುದು ತಗೊಳ್ಳಲಿ?" ಅಂದ. ಫೋನ್ ಇಡುವುದರೊಳಗೆ ಆರು ಟೆಂಟಿನ ಫೋಟೋ ಬಂದು ಬಿದ್ದವು. ಎಲ್ಲವೂ ಚೆಂದವೇ. ಹಸಿರು ಹುಲ್ಲು, ಹಿಂದೆ ಹಿಮದ ಬೆಟ್ಟ, ಬಾಗಿಲ ಮುಂದೆ ಹಬೆಯಾಡುವ ಕಾಫಿ.

ನಾನು ತಿರುಗಿ ಕೇಳಿದ್ದು ಒಂದೇ ಮಾತು. "ಎಲ್ಲಿ ಮಲಗ್ತೀಯೋ?"

"ಎಲ್ಲಾದ್ರೂ ಮಲಗಿದ್ರಾಯ್ತು ಮಾವ, ನೀನು ಟೆಂಟ್ ಹೇಳು" ಅಂದ. ನನಗೆ ಹನ್ನೊಂದು ವರ್ಷ ಮತ್ತು ಮೂರು ಟೆಂಟ್ ಆದ ಮೇಲೆ ಎಲ್ಲಿ ಮಲಗೋದು ಅನ್ನೋದೇ ದೊಡ್ಡ ಪ್ರಶ್ನೆ ಅನ್ನಿಸಿದೆ. ಫೋನಲ್ಲಿ ಅಷ್ಟೆಲ್ಲ ಹೇಳೋಕಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೂ ಆಯಿತು, ಅವನಂಥ ಬೇರೆಯವರಿಗೂ ಆಯಿತು.

ನನ್ನದು ಸಾಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರ್ ವೈಂಡಿಂಗ್ ಮಾಡುತ್ತೇನೆ, ಬಾವಿಗೆ ಇಳಿಸಿದ ಪಂಪು ಕೆಟ್ಟರೆ ತೋಟಕ್ಕೇ ಹೋಗಿ ಎತ್ತಿಸುತ್ತೇನೆ. ಗಿರಾಕಿಗಳೆಲ್ಲ ಅಡಿಕೆ ತೋಟದವರು, ಗದ್ದೆಯವರು. ಒಂದು ಸಲ ಪರಿಚಯವಾದರೆ ಅವರ ಅಂಗಳ ನಮ್ಮದೇ ಇದ್ದಂಗೆ. ನಾನು ಟೆಂಟ್ ಹಾಕಲು ಶುರು ಮಾಡಿದ್ದೇ ಈ ಅಂಗಳಗಳಿಂದ. ಬೈಕು ಮೊದಲು ಪಲ್ಸರ್ ಇತ್ತು, 2017ರಿಂದ ಹಿಮಾಲಯನ್ ಇದೆ, ಹಳೇ 411 ಸಿಸಿಯದು.

ಎಲ್ಲಿ ಮಲಗೋದು ಅಂತ ಯಾಕೆ ಕೇಳಿದೆ ಅಂದರೆ, ಫೋಟೋದಲ್ಲಿರುವ ಹುಲ್ಲುಗಾವಲು ನಮಗೆ ಸಿಗೋದಿಲ್ಲ. ಘಟ್ಟದಲ್ಲಿ ಅಂಥ ಜಾಗ ಇದ್ದರೆ ಅದು ಹೆಚ್ಚುಕಮ್ಮಿ ಅರಣ್ಯ ಇಲಾಖೆಯದು. ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಒಳಗೆ ಹೋಗೋದೇ ತಪ್ಪು, ಟೆಂಟ್ ಹೊಡೆಯೋದು ದೂರದ ಮಾತು. ಹಾಗೆ ಮಾಡಲೂ ಬಾರದು. ನಮ್ಮ ಕಾಡಿನಲ್ಲಿ ರಾತ್ರಿ ಓಡಾಡುವವು ಬೇರೆ ಇವೆ, ಅವುಗಳ ದಾರಿಯಲ್ಲಿ ನಮಗೇನು ಕೆಲಸ? ಹಾಗಾಗಿ ಬೈಕಿನವನಿಗೆ ಉಳಿಯುವ ಜಾಗ ಯಾವುದು? ಯಾರದೋ ಮನೆಯ ಅಂಗಳ. ಕೊಯ್ಲಾದ ಗದ್ದೆ. ದೇವಸ್ಥಾನದ ಪಕ್ಕದ ಬಯಲು. ಹೈವೇಯಲ್ಲಿ ಕತ್ತಲಾದರೆ ಪೆಟ್ರೋಲ್ ಬಂಕಿನ ಮೂಲೆ. ಕರಾವಳಿ ಕಡೆ ಹೋದರೆ ಮರಳು. ಇದರಲ್ಲಿ ಎಷ್ಟು ಕಡೆ ಗೂಟ ಹೊಡೆಯೋಕಾಗುತ್ತೆ, ಎಣಿಸಿ ನೋಡಿ. ಕೊಯ್ಲಾದ ಗದ್ದೆ ಒಂದೇ. ಅದೂ ಜನವರಿ ದಾಟಿದರೆ ಬಿರುಕು ಬಿಟ್ಟು ಕಲ್ಲಾಗಿರುತ್ತೆ.

ಇದು ನನಗೆ ಗೊತ್ತಾಗಿದ್ದು ತುಮರಿ ಕಡೆಯ ಒಂದು ಅಂಗಳದಲ್ಲಿ. 2019ರ ಜನವರಿ. ಶರಾವತಿ ಹಿನ್ನೀರಿನ ಆಚೆ ಒಬ್ಬರ ಮೋಟಾರ್ ಸುಟ್ಟಿತ್ತು. ಆಗ ಸೇತುವೆ ಇರಲಿಲ್ಲ, ಈಗ 2025ರ ಜುಲೈನಲ್ಲಿ ಆಗಿದೆ. ಹೊಳೆಬಾಗಿಲಿನಲ್ಲಿ ಬೈಕನ್ನು ಲಾಂಚಿಗೆ ಹತ್ತಿಸಿಕೊಂಡು ಹೋಗಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಸಂಜೆಯ ಕೊನೆ ಲಾಂಚ್ ಹೋಗಿಯಾಗಿತ್ತು. ನನಗೇನೂ ಬೇಜಾರಾಗಲಿಲ್ಲ. ಹೊಸ ಟೆಂಟ್ ಬೈಕಿನಲ್ಲೇ ಇತ್ತು.

ಅದು ನನ್ನ ಎರಡನೇ ಟೆಂಟ್. ಚಾರಣ ಮಾಡುವ ಗೆಳೆಯರು ಹೇಳಿದ್ದು ಅಂತ ತಗೊಂಡಿದ್ದೆ. ಒಂದು ಕೆ.ಜಿ.ಗೆ ಸ್ವಲ್ಪ ಮೇಲೆ ತೂಕ. ಒಂದೇ ಪದರದ ಬಟ್ಟೆ, ಒಳಗೊಂದು ಪರದೆ ಇಲ್ಲ. ನಡೆಯುವ ಕೋಲನ್ನೇ ಕಂಬ ಮಾಡಿ ನಿಲ್ಲಿಸಬೇಕು, ಸುತ್ತ ಆರು ಗೂಟ ಹೊಡೆದು ಎಳೆದು ಕಟ್ಟಿದರೆ ಮಾತ್ರ ನಿಲ್ಲುತ್ತೆ. ಗೂಟ ಇಲ್ಲದಿದ್ದರೆ ಅದು ಟೆಂಟಲ್ಲ, ಬಟ್ಟೆ.

ಆ ಮನೆಯ ಅಂಗಳ ಅಡಿಕೆ ಸುಗ್ಗಿಗೆ ಅಂತ ಆಗಷ್ಟೇ ಪೆಟ್ಟಿಸಿ, ಸಗಣಿ ಹಾಕಿ ಸಾರಿಸಿದ್ದು. ಕೈಯಿಟ್ಟರೆ ಸ್ಲೇಟಿನ ಹಾಗೆ ನುಣುಪು. ಅಂಥದ್ದಕ್ಕೆ ಗೂಟ ಹೊಡೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ? ಅಂಗಳದ ಅಂಚಿನಲ್ಲಿ ನೋಡೋಣ ಅಂತ ಹೋದೆ. ಅಲ್ಲಿ ಎರಡು ಬೆರಳಿನಷ್ಟು ಮಣ್ಣಿನ ಕೆಳಗೆ ಜಂಬಿಟ್ಟಿಗೆ. ಅಲ್ಯೂಮಿನಿಯಂ ಗೂಟ ಮೂರನೇ ಏಟಿಗೆ ಕುಡುಗೋಲಿನ ಹಾಗೆ ಬಗ್ಗಿತು. ಕೊನೆಗೆ ಒಂದು ಹಗ್ಗ ಅಡಿಕೆ ಚಪ್ಪರದ ಕಂಬಕ್ಕೆ, ಒಂದು ಬೈಕಿನ ಕ್ರ್ಯಾಶ್ ಗಾರ್ಡಿಗೆ, ಒಂದು ಒರಳು ಕಲ್ಲಿಗೆ, ಉಳಿದವು ಸಿಕ್ಕ ಕಲ್ಲುಗಳಿಗೆ. ಮುಕ್ಕಾಲು ಗಂಟೆ ಹಿಡಿಯಿತು. ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ಅಡಿಕೆ ಸುಲಿಯುತ್ತಾ ಎಲ್ಲವನ್ನೂ ನೋಡುತ್ತಿದ್ದರು.

"ಎಂಥದಪ್ಪಿ ಅದು? ಒಳಗೆ ಬಂದು ಮಲ್ಕೊ. ಚಳಿ ಬೀಳ್ತದೆ."

"ಇಲ್ಲಜ್ಜಿ, ಇದರಲ್ಲೇ ಮಲಗಿ ನೋಡ್ಬೇಕು."

ಬೆಳಗಿನ ಜಾವ ಮುಖದ ಮೇಲೆ ತಣ್ಣಗೆ ಹನಿ ಬಿತ್ತು. ಮಳೆ ಅಂದುಕೊಂಡು ಎದ್ದೆ. ಹೊರಗೆ ಆಕಾಶ ತುಂಬ ನಕ್ಷತ್ರ. ಟಾರ್ಚ್ ಹಚ್ಚಿ ಮೇಲೆ ನೋಡಿದರೆ ಟೆಂಟಿನ ಒಳಮೈ ತುಂಬ ನೀರಿನ ಮಣಿಗಳು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ತಿರುಗಿಸಿ ಹಿಡಿದರೆ ಹೇಗಿರುತ್ತೆ, ಹಾಗೆ. ಒಂದು ಹನಿ ಇನ್ನೊಂದಕ್ಕೆ ಸೇರಿ ದಪ್ಪವಾಗಿ ಬಟ್ಟೆಯ ಇಳಿಜಾರಿನಲ್ಲಿ ಜಾರುತ್ತಾ ಬಂದು, ಹೊಲಿಗೆಯ ಹತ್ತಿರ ನಿಂತು, ಅಲ್ಲಿಂದ ನನ್ನ ರಗ್ಗಿನ ಮೇಲೆ ಬೀಳುತ್ತಿತ್ತು. ಎಲ್ಲ ನನ್ನ ಉಸಿರೇ. ಮಲೆನಾಡಿನ ಚಳಿಗಾಲದಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಹೊರಗೆ ಇಬ್ಬನಿ ಸುರಿಯುತ್ತಿರುತ್ತೆ, ಬಟ್ಟೆ ತಣ್ಣಗಾಗಿರುತ್ತೆ. ಒಳಗಿನ ಹಬೆ ಅದಕ್ಕೆ ತಾಗಿದ ಕೂಡಲೇ ನೀರು. ಎಷ್ಟೇ ದುಬಾರಿ ಬಟ್ಟೆಯಾದರೂ ಇದು ತಪ್ಪೋದಿಲ್ಲ. ಎರಡು ಪದರ ಇದ್ದರೆ ಹನಿ ಹೊರಗಿನ ಪದರದ ಮೇಲೇ ಉಳಿದು ಅಲ್ಲೇ ಕೆಳಗಿಳಿಯುತ್ತೆ. ಒಳಗೆ ಮಲಗಿದವನು ಒಣಗಿರುತ್ತಾನೆ.

ಹಾಗೆ ಒಂದೇ ರಾತ್ರಿಯಲ್ಲಿ ಎರಡು ತೀರ್ಮಾನ ಆಯಿತು. ಗೂಟ ಇಲ್ಲದೆಯೂ ತನ್ನ ಕಾಲ ಮೇಲೆ ತಾನು ನಿಲ್ಲುವ ಟೆಂಟ್ ಬೇಕು. ಎರಡು ಪದರ ಬೇಕು. ಇವೆರಡಕ್ಕೆ ಒಂದೂವರೆ ಕೆ.ಜಿ. ತೂಕ ಜಾಸ್ತಿಯಾದರೆ ಆಗಲಿ. ಚಾರಣದವರು ತೂಕ ನೋಡೋದು ಸರಿಯೇ, ಹೊರುವುದು ಅವರ ಹೆಗಲು. ನಮಗೆ ಹೊರುವುದು ಬೈಕು. ತುಂಬಿದ ದೊಡ್ಡ ನೀರಿನ ಬಾಟಲಿಯಷ್ಟು ತೂಕ ಹಿಮಾಲಯನ್‌ಗೆ ಗೊತ್ತೂ ಆಗೋದಿಲ್ಲ.

ಬೈಕಿನವನು ಅಳೆಯಬೇಕಾದದ್ದು ತೂಕ ಅಲ್ಲ, ಉದ್ದ. ಇದನ್ನು ಕಲಿಸಿದ್ದು ನನ್ನ ಮೊದಲ ಟೆಂಟ್.

2014ರಲ್ಲಿ ತಗೊಂಡಿದ್ದು, ನಾಲ್ಕು ಜನರದು. ಒಬ್ಬನಿಗೆ ನಾಲ್ಕು ಜನರ ಟೆಂಟ್ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಅದರ ಚೀಲ 68 ಸೆಂ.ಮೀ. ಉದ್ದ. ಸ್ಯಾಡಲ್ ಬ್ಯಾಗಿನಲ್ಲಿ ಹಿಡಿಯುವುದಿಲ್ಲ. ಸೀಟಿನ ಮೇಲೆ ಅಡ್ಡಕ್ಕೆ ಕಟ್ಟಿದರೆ ಎರಡೂ ಕಡೆ ಹೊರಗೆ ಚಾಚುತ್ತೆ. ಹಿಂದೆ ಮನೆಯವಳು ಕೂರುವಂತಿಲ್ಲ. ಬಂಜಿ ಹಗ್ಗದಲ್ಲಿ ಬಿಗಿದು ಭಟ್ಕಳದ ಕಡೆ ಹೊರಟಿದ್ದೆ. ಕೋಗಾರು ಘಾಟಿಯ ತಿರುವುಗಳಲ್ಲಿ ಚೀಲ ಒಂದೊಂದೇ ಅಂಗುಲ ಬಲಕ್ಕೆ ಜಾರಿದೆ, ನನಗೆ ಗೊತ್ತಿಲ್ಲ. ಘಾಟಿ ಇಳಿದ ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಚೀಲದ ಮೂಲೆ ಸೈಲೆನ್ಸರಿನ ಮೇಲೆ ಕೂತಿದೆ. ಬಿಚ್ಚಿದಾಗ ಸುತ್ತಿದ ಬಟ್ಟೆಯ ಏಳು ಮಡಿಕೆಗೂ ತೂತು. ಹರಡಿದರೆ ಸಾಲಾಗಿ ಏಳು ತೂತು, ಅಂಚೆಲ್ಲ ಕಪ್ಪಗೆ ಗಟ್ಟಿಯಾಗಿ ಸೀದ ಹಪ್ಪಳದ ಹಾಗೆ. ನೈಲಾನ್ ಆಗಲಿ ಪಾಲಿಯೆಸ್ಟರ್ ಆಗಲಿ, ಬಿಸಿ ತಾಗಿದರೆ ಕರಗುತ್ತೆ, ಅಷ್ಟೇ.

ಆವತ್ತಿನಿಂದ ನಾನು ಅಂಗಡಿಗೆ ಹೋದರೂ ಆನ್‌ಲೈನ್ ನೋಡಿದರೂ ಮೊದಲು ಕೇಳೋದು ಮಡಿಸಿದ ಮೇಲೆ ಎಷ್ಟು ಉದ್ದ ಅಂತ. ನನ್ನ ಸ್ಯಾಡಲ್ ಬ್ಯಾಗಿನ ಒಳಗಿನ ಉದ್ದ 46 ಸೆಂ.ಮೀ. ಅದಕ್ಕಿಂತ ಎರಡು ಬೆರಳು ಕಡಿಮೆ ಇರುವ ಟೆಂಟ್ ಬೇಕು. ಉದ್ದ ನಿರ್ಧಾರ ಮಾಡೋದು ಬಟ್ಟೆ ಅಲ್ಲ, ಕಡ್ಡಿ. ಬಟ್ಟೆಯನ್ನು ಹೇಗೆ ಬೇಕಾದರೂ ತುರುಕಬಹುದು, ಕಡ್ಡಿಯ ಒಂದು ತುಂಡು ಎಷ್ಟುದ್ದವೋ ಅದಕ್ಕಿಂತ ಚಿಕ್ಕದು ಮಾಡೋಕಾಗಲ್ಲ. ಆಕಾಶಕ್ಕೆ ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ಬರುತ್ತಲ್ಲ, ಅದನ್ನೂ ಅಕ್ಕನ ಮಗ ಕಳಿಸಿದ್ದ. ಕಾರಿಗೆ ಅದು ಒಳ್ಳೆಯದು. ಮಡಿಸಿದರೆ ದೊಡ್ಡ ಮೊರದಂಥ ಚಕ್ರವಾಗುತ್ತೆ. ಬೈಕಿನ ಹಿಂದೆ ಕಟ್ಟಿದರೆ ಗಾಳಿಗೆ ಹಾಯಿ ಕಟ್ಟಿದಂತೆ.

ಕಡ್ಡಿಯ ವಿಷಯ ಬಂತು, ಹೇಳಿಬಿಡುತ್ತೇನೆ. ಕಡಿಮೆ ಬೆಲೆಯ ಟೆಂಟಿಗೆ ಫೈಬರ್ ಗ್ಲಾಸ್ ಕಡ್ಡಿ ಕೊಡುತ್ತಾರೆ. ಅದು ಮುರಿದರೆ ಕಬ್ಬಿನ ಸಿಪ್ಪೆಯ ಹಾಗೆ ಎಳೆಎಳೆಯಾಗಿ ಸೀಳುತ್ತೆ, ಅಂಗೈಗೆ ಚುಚ್ಚಿದ ಎಳೆ ಕಣ್ಣಿಗೆ ಕಾಣೋದಿಲ್ಲ, ಎರಡು ದಿನ ಉರಿಯುತ್ತೆ. ಅಲ್ಯೂಮಿನಿಯಂ ಕಡ್ಡಿ ಮೊದಲು ಬಗ್ಗುತ್ತೆ, ಆಮೇಲೆ ಮುರಿಯುತ್ತೆ. ಬಗ್ಗಿದ್ದನ್ನು ನಿಧಾನಕ್ಕೆ ನೆಟ್ಟಗೆ ಮಾಡಬಹುದು. ಮುರಿದರೂ ಮೇಲೆ ಒಂದು ಗಿಡ್ಡ ಕೊಳವೆ ಏರಿಸಿ ಟೇಪು ಸುತ್ತಿದರೆ ಊರು ಮುಟ್ಟುವ ತನಕ ಸಾಕು. ನಾನು ಅಂಗಡಿಯಲ್ಲಿ ಬಿದ್ದಿದ್ದ ಕೊಳವೆಯಲ್ಲಿ ಒಂದು ಗೇಣಿನಷ್ಟು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ಇಟ್ಟುಕೊಂಡಿದ್ದೇನೆ. ಟೆಂಟಿನ ಜೊತೆ ಬರುವ ತುಂಡು ಇದ್ದರೂ ಇನ್ನೊಂದು ಇರಲಿ. ಫೈಬರ್ ಕಡ್ಡಿಯ ಟೆಂಟಿಗೆ ದುಡ್ಡು ಹಾಕಬೇಡ ಅಂತ ಅಕ್ಕನ ಮಗನಿಗೆ ನಾನು ಖಡಾಖಂಡಿತ ಹೇಳಿದ್ದೇನೆ. ಬೇರೆ ಎಲ್ಲದರಲ್ಲೂ ರಾಜಿಯಾಗಬಹುದು, ಇದರಲ್ಲಿ ಬೇಡ.

ಇನ್ನು ಮಳೆ. ನಮ್ಮ ಕಡೆಯವರಿಗೆ ಮಳೆಯ ಮಾತು ಬಿಟ್ಟು ಟೆಂಟಿನ ಮಾತಿಲ್ಲ.

ಅವನು ಕಳಿಸಿದ ಒಂದು ಟೆಂಟಿನಲ್ಲಿ 3,000 ಮಿ.ಮೀ. ಅಂತ ಬರೆದಿತ್ತು. "ಮಾವ, ಆಗುಂಬೆಯಲ್ಲಿ 7,000 ಮಿ.ಮೀ. ಮಳೆ ಬರುತ್ತಲ್ಲ, ಇದು ಸಾಲುತ್ತಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆಯೇ. ಎರಡೂ ಮಿಲಿಮೀಟರೇ, ಆದರೆ ಲೆಕ್ಕ ಬೇರೆ. ಮಳೆಯ ಮಿ.ಮೀ. ವರ್ಷಕ್ಕೆ ಎಷ್ಟು ನೀರು ಬಿತ್ತು ಅಂತ. ಟೆಂಟಿನ ಮಿ.ಮೀ. ಒತ್ತಡದ ಲೆಕ್ಕ. ಬಟ್ಟೆಯನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ನೀರಿನ ಕಂಬ ನಿಲ್ಲಿಸುತ್ತಾ ಹೋದರೆ, ಎಷ್ಟು ಎತ್ತರಕ್ಕೆ ಬಟ್ಟೆ ಆ ಕಡೆ ಒಸರೋಕೆ ಶುರು ಮಾಡುತ್ತೆ ಅನ್ನೋದು ಅದು. 3,000 ಅಂದರೆ ಮೂರು ಮೀಟರ್ ನೀರು ನಿಂತ ತೊಟ್ಟಿಯ ತಳದಲ್ಲಿ ಇರುವಷ್ಟು ಒತ್ತಡ. ಮೋಟಾರ್ ಕೆಲಸದವನಿಗೆ ಇದು ಹೆಡ್ ಲೆಕ್ಕ, ಅಂದರೆ ನೀರಿನ ಎತ್ತರದಲ್ಲಿ ಒತ್ತಡ ಅಳೆಯೋದು, ಕೂಡಲೇ ಅರ್ಥವಾಗುತ್ತೆ. ಮೇಲಿನ ಬಟ್ಟೆಗೆ 2,000 ಇದ್ದರೂ ಆಗುಂಬೆಯ ಮಳೆ ಬಟ್ಟೆ ದಾಟಿ ಬರೋದಿಲ್ಲ. ಯಾಕಂದರೆ ಹನಿಯ ಪೆಟ್ಟು ಅಷ್ಟು ಒತ್ತಡ ಕೊಡೋದಿಲ್ಲ. ಕೊಡೋದು ನಮ್ಮ ಮೊಣಕಾಲು. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಾಗ ಇಡೀ ಮೈಭಾರ ಒಂದು ಅಂಗೈಯಗಲಕ್ಕೆ ಬೀಳುತ್ತೆ, ನೀರು ಅಲ್ಲಿಂದ ಮೇಲೆ ಬರುತ್ತೆ. ಅದಕ್ಕೇ ನೆಲದ ಬಟ್ಟೆಯ ಅಂಕಿ ಬೇರೆ ನೋಡಬೇಕು, ಅದು ಮೇಲಿನದಕ್ಕಿಂತ ಜಾಸ್ತಿ ಇರಬೇಕು.

ಇನ್ನೊಂದು ಅಂಕಿ ಡೀನಿಯರ್. 20ಡಿ, 40ಡಿ, 70ಡಿ ಅಂತ ಬರೆದಿರುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅಷ್ಟು ಡೀನಿಯರ್. ವೈಂಡಿಂಗ್ ತಂತಿಗೆ ಗೇಜ್ ಇದ್ದ ಹಾಗೆ, ಆದರೆ ಇಲ್ಲಿ ಅಂಕಿ ಜಾಸ್ತಿಯಾದಷ್ಟೂ ನೂಲು ದಪ್ಪ. ಬೈಕಿನ ಪೆಟ್ಟಿಗೆಯಲ್ಲಿ ಸ್ಪ್ಯಾನರ್, ಚೈನ್ ಲ್ಯೂಬ್ ಜೊತೆ ಕುಲುಕಾಡುತ್ತಾ ಹೋಗುವ ಬಟ್ಟೆ. ತೀರಾ ತೆಳ್ಳಗಿನದು ನಮಗೆ ಒಗ್ಗೋದಿಲ್ಲ. ಜೊತೆಗೆ ನೈಲಾನ್ ನೀರು ಕುಡಿದು ಜೋತು ಬೀಳುತ್ತೆ, ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ, ಬಿಸಿಲನ್ನೂ ತಡೆದುಕೊಳ್ಳುತ್ತೆ. ಮಲೆನಾಡಿನ ಮಳೆಗೆ ನನ್ನ ಓಟು ಪಾಲಿಯೆಸ್ಟರಿಗೆ.

ಆದರೆ ಈ ಅಂಕಿಗಳಿಗಿಂತ ದೊಡ್ಡದು ಇನ್ನೊಂದಿದೆ. ಅದನ್ನು ಯಾರೂ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯೋದಿಲ್ಲ. ಯಾವ ಪದರ ಮೊದಲು ನಿಲ್ಲುತ್ತೆ?

ಹೊಸನಗರದ ಆಚೆ ಒಂದು ಅಕ್ಟೋಬರ್ ಸಂಜೆ, ಮೊದಲ ಟೆಂಟಿನ ಕಾಲದಲ್ಲಿ. ತೂತುಗಳಿಗೆ ತೇಪೆ ಹಚ್ಚಿದ್ದೆ. ಗದ್ದೆಯ ಮೂಲೆಯಲ್ಲಿ ಇನ್ನರ್ ನಿಲ್ಲಿಸಿದ್ದೇ ತಡ, ಗುಡುಗು ಶುರುವಾಯಿತು. ಇನ್ನರ್ ಅಂದರೆ ಮೇಲೆಲ್ಲ ಸೊಳ್ಳೆ ಪರದೆ, ಕೆಳಗೆ ಅಂಚು ಎತ್ತಿದ ನೆಲ. ಫ್ಲೈ, ಅಂದರೆ ಅದರ ಮೇಲೆ ಹೊದಿಸುವ ಹೊರಗಿನ ಪದರ, ಬಿಚ್ಚಿ, ಯಾವ ಕಡೆ ಬಾಗಿಲು ಅಂತ ಹುಡುಕಿ, ನಾಲ್ಕು ಮೂಲೆಗೆ ಸಿಕ್ಕಿಸುವ ಹೊತ್ತಿಗೆ ಹತ್ತು ನಿಮಿಷ. ಅಷ್ಟರಲ್ಲಿ ಮಳೆ ಪರದೆಯಿಂದ ಸೀದಾ ಒಳಗೆ. ಎತ್ತಿದ ಅಂಚಿನ ನೆಲ ನೀರು ಹೊರಗೆ ಬಿಡೋದಿಲ್ಲ, ಅದು ಇರೋದೇ ಹಾಗೆ. ಒಳಗೆ ಹರಿವಾಣದಲ್ಲಿ ನಿಂತ ಹಾಗೆ ನೀರು ನಿಂತಿತು. ಬನಿಯನ್ ಬಿಚ್ಚಿ ಹಿಂಡಿ ಹಿಂಡಿ ಒರೆಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗಿರುವ ಮೂರನೇ ಟೆಂಟಿನಲ್ಲಿ ಕಡ್ಡಿ ಫ್ಲೈಗೇ ಹೋಗುತ್ತೆ. ಇನ್ನರ್ ಅದರ ಒಳಗೆ ಸಣ್ಣ ಗುಂಡಿಗಳಲ್ಲಿ ತೂಗಾಡುತ್ತಿರುತ್ತೆ. ಎರಡೂ ಒಟ್ಟಿಗೇ ಎದ್ದು ನಿಲ್ಲುತ್ತವೆ. ಎಷ್ಟೇ ಮಳೆಯಿದ್ದರೂ ಒಳಗೆ ಒಂದು ಹನಿ ಬೀಳೋದಿಲ್ಲ. ಬೆಳಿಗ್ಗೆ ಮಳೆಯಲ್ಲೇ ಬಿಚ್ಚಬೇಕಾದರೆ ಒಳಗೆ ಕೂತು ಇನ್ನರ್ ಕಳಚಿ ಒಣ ಚೀಲಕ್ಕೆ ಹಾಕಿ, ಆಮೇಲೆ ಹೊರಗೆ ಬಂದು ಒದ್ದೆ ಫ್ಲೈ ಬೇರೆ ಚೀಲಕ್ಕೆ ಹಾಕುತ್ತೇನೆ. ನಟ್ಟಿ ಮಾಡುವವರು ಗೊರಬು ಹೊದ್ದು ಅದರಡಿ ಬೆನ್ನು ಒಣಗಿಸಿಕೊಂಡೇ ದಿನವಿಡೀ ಕೆಲಸ ಮಾಡುತ್ತಿದ್ದರಲ್ಲ, ಹಾಗೆ ಸೂರು ಮೊದಲು, ಉಳಿದದ್ದೆಲ್ಲ ಅದರಡಿ.

ಇನ್ನರ್‌ಗೆ ಪೂರ್ತಿ ಜಿಪ್ಪು ಇರಲೇಬೇಕು ಅನ್ನೋದಕ್ಕೆ ನಮ್ಮ ಕಡೆ ಇನ್ನೊಂದು ಕಾರಣ ಇದೆ. ಹೊರಗಿನಿಂದ ಬರುವವರಿಗೆ ಇದು ಗೊತ್ತಿರೋದಿಲ್ಲ, ದಯವಿಟ್ಟು ಗಮನ ಕೊಟ್ಟು ಓದಿ. ಮಂಗನ ಕಾಯಿಲೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಅದಕ್ಕೇ ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರು. ಹರಡೋದು ಉಣುಗಿನಿಂದ. 2018ರ ಕೊನೆಯಿಂದ 2019ರ ಬೇಸಿಗೆವರೆಗೆ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತರು. ಆ ಊರುಗಳಲ್ಲಿ ನನ್ನ ಗಿರಾಕಿಗಳಿದ್ದಾರೆ. ಆ ವರ್ಷ ಮೋಟಾರ್ ಎತ್ತೋಕೆ ಹೋದಾಗ ಅವರ ಮುಖ ನೋಡೋಕಾಗುತ್ತಿರಲಿಲ್ಲ.

ಕಾಯಿಲೆ ಜಾಸ್ತಿ ಕಾಣಿಸಿಕೊಳ್ಳೋದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಟೆಂಟ್ ಹಾಕೋಕೆ ಹವೆ ಚೆನ್ನಾಗಿರುವ ತಿಂಗಳುಗಳೇ. ಉಣುಗು ತರಗೆಲೆಯಲ್ಲಿರುತ್ತೆ, ಮರಿ ಉಣುಗು ಸಾಸಿವೆಗಿಂತ ಸಣ್ಣದು. ಹಾಗಾಗಿ ಕಾಡಿನ ಅಂಚಿನಲ್ಲಿ ಎಲೆ ಹಾಸಿಗೆ ಮೆತ್ತಗಿದೆ ಅಂತ ಅಲ್ಲಿ ಟೆಂಟ್ ಹಾಕಬೇಡಿ, ಕೂರಲೂ ಬೇಡಿ. ಗುಡಿಸಿದ ಅಂಗಳವೇ ಒಳ್ಳೆಯದು. ತಳ ಇಲ್ಲದ, ಬರೀ ಸೂರಿನಂಥ ಟೆಂಟ್ ಈಗ ಬಹಳ ಬಂದಿವೆ. ಅವು ಈ ಸೀಮೆಗೆ ಬೇಡವೇ ಬೇಡ. ಒಳಗೆ ಹೋದ ಕೂಡಲೇ ಜಿಪ್ಪು ಎಳೆಯಿರಿ. ಬೂಟು, ಜಾಕೆಟ್ ಹೊರಗಿನ ಮುಂಬಾಗಿಲಲ್ಲೇ, ಅಂದರೆ ಇನ್ನರ್ ಮತ್ತು ಫ್ಲೈ ನಡುವಿನ ಜಾಗದಲ್ಲೇ, ಕೊಡವಿ ಇಡಿ. ಮಳೆಗಾಲದ ಉಂಬಳಕ್ಕೂ ಇದೇ ಮದ್ದು, ಆದರೆ ಉಂಬಳ ರಕ್ತ ಕುಡಿದು ಬಿಡುತ್ತೆ, ಉಣುಗು ಹಾಗಲ್ಲ.

ಟೆಂಟಿನೊಳಗೆ ಸೊಳ್ಳೆ ಬತ್ತಿ ಹಚ್ಚಬೇಡಿ, ಸ್ಟವ್ ಅಂತೂ ಬೇಡವೇ ಬೇಡ. ಬಟ್ಟೆ ಹೊತ್ತಿಕೊಳ್ಳುವ ಭಯ ಒಂದಾದರೆ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ನಿದ್ದೆಯಲ್ಲೇ ಜೀವ ಹೋಗುತ್ತೆ. ಅದಕ್ಕೆ ವಾಸನೆ ಇಲ್ಲ.

ನೆಲದ ಕೆಳಗೆ ಹಾಸೋಕೆ ಕಂಪನಿಯವರು ಬೇರೆ ಹಾಸು ಮಾರುತ್ತಾರೆ. ನಾನು ಅಡಿಕೆ ಮುಚ್ಚುವ ಟಾರ್ಪಾಲಿನಲ್ಲೇ ಕತ್ತರಿಸಿಕೊಂಡಿದ್ದೇನೆ. ಒಂದು ಮಾತು ನೆನಪಿಡಬೇಕು. ಅದು ಟೆಂಟಿನ ತಳಕ್ಕಿಂತ ಸುತ್ತಲೂ ಮೂರು ಬೆರಳು ಚಿಕ್ಕದಿರಬೇಕು. ದೊಡ್ಡದಾದರೆ ಫ್ಲೈಯಿಂದ ಇಳಿದ ನೀರು ಅದರ ಮೇಲೆ ಬಿದ್ದು ಸೀದಾ ಟೆಂಟಿನ ಅಡಿಗೇ ಹರಿಯುತ್ತೆ.

ಗೋಕರ್ಣದ ಕಡೆ ಮರಳಿನಲ್ಲಿ ಗೂಟ ನಿಲ್ಲಲ್ಲ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಖಾಲಿ ಸಿಮೆಂಟ್ ಚೀಲದ ತುಂಡಿನಲ್ಲಿ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳಕ್ಕೆ ಹೂತರೆ ಎತ್ತು ಎಳೆದರೂ ಬರೋದಿಲ್ಲ.

ಗಾಳಿಯ ನಿಜವಾದ ರುಚಿ ನೋಡಿದ್ದು ಸರ್ಚುವಿನಲ್ಲಿ, 2022ರ ಆಗಸ್ಟ್. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ, 4,200 ಮೀಟರಿಗೂ ಮೇಲೆ. ಮಧ್ಯಾಹ್ನ ಮೂರರ ಮೇಲೆ ಎದ್ದ ಗಾಳಿ ಕತ್ತಲಾಗುವವರೆಗೂ ಬಿಡಲಿಲ್ಲ. ತನ್ನ ಕಾಲ ಮೇಲೆ ನಿಲ್ಲುವ ಟೆಂಟಿಗೆ ಅಲ್ಲಿ ಒಂದು ಅಪಾಯ ಇದೆ. ನಿಂತಿದೆ ಅಂತ ಕೈಬಿಟ್ಟರೆ ಚೆಂಡಿನ ಹಾಗೆ ಉರುಳಿ ಹೋಗುತ್ತೆ. ಮೊದಲು ಗಾಳಿಯ ಕಡೆಯ ಮೂಲೆಗೆ ಸಾಮಾನು ಹೇರಬೇಕು, ಆಮೇಲೆ ಕಡ್ಡಿ ಎತ್ತಬೇಕು. ಬೆಳಿಗ್ಗೆ ಕಡ್ಡಿ ಮಡಿಸುವಾಗ ಒಳಗಿನ ರಬ್ಬರ್ ದಾರ ಚಳಿಗೆ ಸೆಟೆದುಕೊಂಡು ವಾಪಸ್ ಎಳೆಯುತ್ತಲೇ ಇರಲಿಲ್ಲ. ತುದಿಯಿಂದ ಮಡಿಸದೆ ನಡುವಿನಿಂದ ಮಡಿಸುತ್ತಾ ಹೋದರೆ ದಾರದ ಮೇಲೆ ಎಳೆತ ಸಮವಾಗಿ ಬೀಳುತ್ತೆ. ಊರಿಗೆ ಬಂದ ಮೇಲೂ ನಾನು ಹಾಗೇ ಮಡಿಸುತ್ತೇನೆ.

ಈ ಮೂರನೇ ಟೆಂಟ್ 2.8 ಕೆ.ಜಿ., ಮಡಿಸಿದರೆ 43 ಸೆಂ.ಮೀ., ಎರಡು ಬಾಗಿಲು, ಎರಡೂ ಕಡೆ ಬೂಟು ಹೆಲ್ಮೆಟ್ ಇಡುವಷ್ಟು ಮುಂಬಾಗಿಲು. 2020ರಲ್ಲಿ 16,000 ರೂಪಾಯಿ ಕೊಟ್ಟೆ. ಜಾಸ್ತಿಯೇ. ಆದರೆ ಮೊದಲಿನ ಎರಡಕ್ಕೆ ಕೊಟ್ಟಿದ್ದನ್ನು ಕೂಡಿಸಿದರೆ ಇನ್ನೂ ಜಾಸ್ತಿ.

ಇದನ್ನು ಉಳಿಸಿಕೊಳ್ಳಲು ನಾನು ಮಾಡೋದು ಒಂದೇ ಕೆಲಸ, ಒಣಗಿಸೋದು. ಮನೆ ಮುಟ್ಟಿದ ಮೇಲೆ ಸ್ನಾನಕ್ಕಿಂತ ಮೊದಲು ಟೆಂಟ್ ಬಿಚ್ಚಿ ಮಹಡಿಯ ತಂತಿಗೆ ಹಾಕುತ್ತೇನೆ. ಒದ್ದೆ ಟೆಂಟ್ ಚೀಲದಲ್ಲೇ ಎರಡು ದಿನ ಇದ್ದರೆ ಬೂಷ್ಟು ಹಿಡಿದು ಕಮಟು ಹೊಡೆಯುತ್ತೆ. ಅದಾದರೂ ತೊಳೆದರೆ ಹೋದೀತು. ತೇವದಲ್ಲಿ ತಿಂಗಳುಗಟ್ಟಲೆ ಇದ್ದರೆ ಬಟ್ಟೆಯ ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪನವೇ ಕರಗುತ್ತೆ. ಮುಟ್ಟಿದರೆ ಹಲಸಿನ ಮೇಣದ ಹಾಗೆ ಅಂಟಂಟು. ಹಾಗಾದ ಮೇಲೆ ಅದನ್ನು ಸರಿ ಮಾಡೋಕಾಗಲ್ಲ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಟೆಂಟಿಗೆ ಬಾರದೇ ಇರುತ್ತಾ? ಜೂನ್ ಬಂತೆಂದರೆ ನಾನು ಅದನ್ನು ಚೀಲದಿಂದ ತೆಗೆದು ಹಳೇ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ ಒಲೆ ಕೋಣೆಯ ಅಟ್ಟದ ಮೇಲೆ ಇಡುತ್ತೇನೆ. ಅಲ್ಲಿ ತೇವ ಕಡಿಮೆ.

ಒಂದು ಲೆಕ್ಕ ಮಾತ್ರ ನನಗೂ ಇನ್ನೂ ಬಗೆಹರಿದಿಲ್ಲ. ಈ ಡಿಸೆಂಬರಿನಲ್ಲಿ ಮನೆಯವಳೂ ಬರುತ್ತೇನೆ ಅಂದಿದ್ದಾಳೆ. ಭಾನುವಾರ ಮನೆಯ ಹಾಲ್‌ನಲ್ಲೇ ಟೆಂಟ್ ಹಾಕಿ ಇಬ್ಬರೂ ಮಲಗಿ ನೋಡಿದೆವು. ಎರಡು ಜನರ ಟೆಂಟ್ ಅಂದರೆ ಕಂಪನಿ ಲೆಕ್ಕದಲ್ಲಿ ಎರಡು ಚಾಪೆ, ಅಷ್ಟೇ. ಎರಡು ರೈಡಿಂಗ್ ಜಾಕೆಟ್, ಎರಡು ಹೆಲ್ಮೆಟ್, ಟ್ಯಾಂಕ್ ಬ್ಯಾಗ್ ಆ ಲೆಕ್ಕದಲ್ಲಿಲ್ಲ. ಅವಳು ಮಲಗಿಕೊಂಡೇ ಎಡಗೈಯಲ್ಲಿ ಒಂದು ಗೋಡೆ ಮುಟ್ಟಿದಳು, ಬಲಗೈ ನನ್ನ ಮೂಗಿಗೆ ತಾಗಿತು. ನಾನು ಆರಡಿ. ಕಾಲು ಚಾಚಿದರೆ ಹೆಬ್ಬೆರಳು ಬಟ್ಟೆಗೆ ತಾಗುತ್ತೆ, ಇಬ್ಬನಿಯ ದಿನ ಅಲ್ಲಿಂದಲೇ ಒದ್ದೆ.

"ಮೂರು ಜನರದು ನೋಡ್ರಿ" ಅಂದಳು.

ಮೂರು ಜನರದು, ಗೂಟ ಇಲ್ಲದೆ ನಿಲ್ಲುವಂಥದ್ದು, ಫ್ಲೈ ಜೊತೆಗೇ ಏಳುವಂಥದ್ದು, ಅಲ್ಯೂಮಿನಿಯಂ ಕಡ್ಡಿ, 46 ಸೆಂ.ಮೀ. ಒಳಗೆ. ಹುಡುಕುತ್ತಿದ್ದೇನೆ. ಶಿವಮೊಗ್ಗದ ಗೆಳೆಯರೊಬ್ಬರ ಹತ್ತಿರ ಅಂಥದ್ದೊಂದು ಇದೆಯಂತೆ, ಕೇಳಿದ್ದೇನೆ, ಕೊಡುತ್ತಾರೆ. ಅಕ್ಕನ ಮಗನಿಗೂ ಹೇಳಿದ್ದೇನೆ, ದುಡ್ಡು ಕೊಡುವ ಮೊದಲು ಒಂದು ಶನಿವಾರ ಬಂದು ಹೋಗು, ಬರುವಾಗ ನಿನ್ನ ಸ್ಯಾಡಲ್ ಬ್ಯಾಗ್ ತಾ ಅಂತ. ಮಹಡಿಯ ಕಾಂಕ್ರೀಟಿನ ಮೇಲೆ ಎರಡೂ ಟೆಂಟ್ ಹಾಕಿ, ಅವನನ್ನು ಒಳಗೆ ಮಲಗಿಸಿ, ಮೇಲಿನಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡುತ್ತೇನೆ.